ಗೊರವಂಕಕ್ಕೆ ಹೊಲಿದ ಜೇಬು

ನಾನು ಹುಟ್ಟಿದ್ದು ಜಗಳೂರಿನಲ್ಲಿ, ಕೊಟ್ಟದ್ದು ಹೊನ್ನಾಳಿಗೆ, ಬಿಟ್ಟು ಬಂದು ನಿಂತದ್ದು ಚನ್ನಗಿರಿಯಲ್ಲಿ. ಜಗಳೂರಿಗೆ ಹೋದರೆ ಇವತ್ತಿಗೂ ನಾನು ದರ್ಜಿ ಸಾಹೇಬರ ದೊಡ್ಡ ಮಗಳು. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಗಂಡನ ಮನೆ ಬಿಟ್ಟವಳು. ಹದಿನೆಂಟು ವರ್ಷವಾದರೂ ಅಲ್ಲಿಯವರಿಗೆ ಅದು ನಿನ್ನೆಯ ಸುದ್ದಿ. ನ್ಯಾಮತಿಯಲ್ಲಿ ತಂಗಿಯ ಮನೆ ಇದೆ, ಅಲ್ಲಿ ನಾನು 'ಪಾಪ, ದೊಡ್ಡಕ್ಕ'. ಚನ್ನಗಿರಿಯಲ್ಲಿ ಟೈಲರಮ್ಮ. ಯಾವ ಊರಿಗೆ ಹೋದರೂ ನನ್ನ ಗುರುತು ನನಗಿಂತ ಮೊದಲೇ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ.

ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಯಾವೂರು ಎನ್ನುತ್ತಾರೆ, ಆಮೇಲೆ ಯಾರ ಪೈಕಿ ಎನ್ನುತ್ತಾರೆ, ಮೂರನೆಯದಾಗಿ ಯಜಮಾನರು ಏನು ಮಾಡುತ್ತಾರೆ ಎಂದು ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ ಕೊಟ್ಟ ಕೂಡಲೇ ನಾನು ಕಿಟಕಿಗೆ ತಲೆ ಆನಿಸಿ ನಿದ್ದೆ ಬಂದವಳಂತೆ ನಟಿಸುತ್ತೇನೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ನಮ್ಮ ಕಡೆ ಮಾತು ಶುರುವಾಗುವುದೇ ಹಾಗೆ. ಆದರೂ ನನಗೆ ಸಿಟ್ಟು ಬರುತ್ತದೆ.

ಎರಡು ವರ್ಷದ ಹಿಂದೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲಗಾಲಿನ ಗಿಣ್ಣಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. ಆರು ವಾರ ಮಿಷನ್ ತುಳಿಯಬಾರದು ಎಂದರು ಡಾಕ್ಟರು. ನೋಡಿಕೊಳ್ಳಲು ನ್ಯಾಮತಿಯಿಂದ ತಂಗಿಯ ಮಗಳು ಬಂದಳು. ಕಾಲೇಜು ಓದುವ ಹುಡುಗಿ. ಮೂರನೇ ದಿನಕ್ಕೇ ಅವಳಿಗೆ ನನ್ನ ಗೊಣಗಾಟ ಸಾಕಾಯಿತು.

"ಖಾಲಾ, ಹಿಂಗೆ ಗೋಡೆ ನೋಡ್ಕೊಂಡು ಕೂತ್ರೆ ತಲೆ ಕೆಡ್ತೈತೆ. ತಗೋರಿ ಇದನ್ನ," ಎಂದು ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟಳು.

ಅದರಲ್ಲಿ ಅವಳು ತೋರಿಸಿದ್ದು ಒಂದು ಲೋಕ. ಆಟ ಎನ್ನೋಣವೆಂದರೆ ಅಲ್ಲಿ ಗೆಲ್ಲುವುದು ಸೋಲುವುದು ಇಲ್ಲ. ಒಂದು ಮೈ ಆರಿಸಿಕೊಳ್ಳಬೇಕು, ಒಂದು ಹೆಸರು ಇಟ್ಟುಕೊಳ್ಳಬೇಕು, ಒಳಗೆ ಹೋಗಿ ಓಡಾಡಬೇಕು. ಬೀದಿ, ಕೆರೆ, ಗುಡ್ಡ ಎಲ್ಲ ಇವೆ. ಮನೆ ಕಟ್ಟಿಕೊಳ್ಳಬಹುದು. ಎದುರು ಸಿಗುವವರು ಎಲ್ಲೆಲ್ಲೋ ಕೂತಿರುವ ನಿಜವಾದ ಜನ. ಮಾತೆಲ್ಲ ಟೈಪ್ ಮಾಡಿಯೇ. ಆಡಿದ್ದು ಅವರವರ ತಲೆಯ ಮೇಲೆ ಅಕ್ಷರವಾಗಿ ಮೂಡುತ್ತದೆ.

ಮೊದಲು ನಾನು ನನ್ನ ವಯಸ್ಸಿನ ಹೆಂಗಸಿನ ಮೈಯನ್ನೇ ಆರಿಸಿದೆ. ಹತ್ತು ನಿಮಿಷ ಆಗಿರಲಿಲ್ಲ, ಕುದುರೆ ಮುಖದವನೊಬ್ಬ ಬಂದು ಮದುವೆಯಾಗಿದೆಯೇ ಎಂದು ಕೇಳಿದ. ನೀನು ಎಲ್ಲಿಗೆ ಹೋದರೂ ನಿನ್ನ ಹಣೆಬರಹ ಇಷ್ಟೇ ಎಂದುಕೊಂಡೆ. ಹೊರಗೆ ಬಂದು ಆ ಹೆಂಗಸನ್ನು ಅಳಿಸಿ, ಬಿಳಿ ಗಡ್ಡದ ಒಬ್ಬ ಮುದುಕನನ್ನು ಮಾಡಿದೆ. ಪಂಚೆ ಉಡಿಸಿದೆ, ತಲೆಗೆ ರುಮಾಲು ಸುತ್ತಿದೆ, ಒಂದು ಹೆಸರಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮುದುಕನನ್ನು ಯಾರೂ ಏನೂ ಕೇಳಲಿಲ್ಲ. ಕೆರೆಯ ಪಕ್ಕದಲ್ಲಿ ಒಂದು ಕಲ್ಲುಬೆಂಚಿತ್ತು. ಅಲ್ಲಿ ಹೋಗಿ ಕಾಲ ಮೇಲೆ ಕಾಲು ಹಾಕಿ ಕೂತೆ. ಅರ್ಧ ಗಂಟೆ ಕೂತೆ. ಚನ್ನಗಿರಿಯ ಬಸ್ ಸ್ಟ್ಯಾಂಡ್ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಗಂಡಸರು ಬೆಳಗಿನಿಂದ ಸಂಜೆಯವರೆಗೆ ಹೀಗೆ ಕೂತಿರುವುದನ್ನು ಇಷ್ಟು ವರ್ಷ ನೋಡಿದ್ದೇನೆ. ಹೆಂಗಸೊಬ್ಬಳು ಕೂತದ್ದನ್ನು ಒಂದು ದಿನವೂ ನೋಡಿಲ್ಲ. ನಾವು ಕೂತರೆ ಕೈಯಲ್ಲಿ ಸೊಪ್ಪೋ ಸೂಜಿಯೋ ಇರಬೇಕು. ಏನೂ ಮಾಡದೆ, ಯಾರಿಗೂ ಕಾಯದೆ, ಸುಮ್ಮನೆ ಕೂರುವ ಸುಖ ನನಗೆ ಸಿಕ್ಕಿದ್ದು ಆ ಮುದುಕನ ಮೈಯಲ್ಲಿ. ನಗಬೇಡಿ, ಅವತ್ತು ನನಗೆ ಕಣ್ಣಲ್ಲಿ ನೀರು ಬಂತು.

ಕಾಲು ವಾಸಿಯಾಯಿತು, ಹುಡುಗಿ ನ್ಯಾಮತಿಗೆ ಹೋದಳು, ಲ್ಯಾಪ್‌ಟಾಪು ನನ್ನಲ್ಲೇ ಉಳಿಯಿತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಗೆ ಗಿರಾಕಿ ಬರುವುದು ಕಡಿಮೆ. ಶಟರನ್ನು ಅರ್ಧಕ್ಕೆ ಎಳೆದು ನಾನು ಮುದುಕನಾಗುತ್ತಿದ್ದೆ.

ಆ ಲೋಕದಲ್ಲಿ ಕನ್ನಡದವರು ಸೇರುವ ಒಂದು ಮೂಲೆಯಿತ್ತು. ಯಾರೋ ಪುಣ್ಯಾತ್ಮರು ಅಲ್ಲೊಂದು ಅರಳಿಕಟ್ಟೆ ಕಟ್ಟಿ ಪಕ್ಕದಲ್ಲಿ ಬೋರ್ಡು ನೆಟ್ಟಿದ್ದರು: "ಹೆಸರು ಕೇಳಬೇಡಿ, ಊರು ಕೇಳಬೇಡಿ, ಜಾತಿಯಂತೂ ಬೇಡವೇ ಬೇಡ." ನನಗೆ ಆ ಬೋರ್ಡಿಗೆ ಕೈ ಮುಗಿಯಬೇಕು ಅನ್ನಿಸಿತು. ಆದರೂ ಚಟ ಬಿಡಬೇಕಲ್ಲ. ಟೈಪ್ ಮಾಡುವ ಕನ್ನಡ ನೋಡಿಯೇ ಇವನು ಧಾರವಾಡದ ಕಡೆಯವನು, ಇವಳು ಮಂಗಳೂರಿನವಳು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಕಟ್ಟೆಗೆ ಬರುವವರಲ್ಲಿ ಒಂದು ಗೊರವಂಕ ಇತ್ತು. ಹಳದಿ ಕೊಕ್ಕಿನ ಹಕ್ಕಿಯ ಮೈ. ಅರಳಿಮರದ ಮೇಲಿನ ಕೊಂಬೆಯಲ್ಲಿ ಗೂಡು ಮಾಡಿಕೊಂಡಿತ್ತು. 'ಐತೆ', 'ಬರಾಕೆ', 'ಹೋಗಾಕೆ' ನೋಡಿ ನಮ್ಮ ಕಡೆಯದೇ ಹಕ್ಕಿ ಎಂದು ಗೊತ್ತಾಯಿತು. ಅದರ ಹಿಂದಿರುವುದು ಹೆಣ್ಣು ಎನ್ನುವುದೂ ಮಾತಿನಲ್ಲೇ ತಿಳಿಯಿತು. ಅಬ್ಬಬ್ಬಾ ಏನು ಮಾತು! ಅವಳು ಬಂದಳೆಂದರೆ ಉಳಿದವರು ಓದುತ್ತ ಕೂರುವುದಷ್ಟೇ ಕೆಲಸ. ಒಂದು ಮದುವೆಯ ಕತೆ ಹೇಳಿದ್ದಳು. ಫೋಟೋ ತೆಗೆಯುವವನು ಏನೋ ಎಡವಟ್ಟು ಮಾಡಿ ಒಂದು ಫೋಟೋವೂ ಬರದೆ, ಮಾರನೇ ದಿನ ಎಲ್ಲರನ್ನೂ ಮತ್ತೆ ಸೇರಿಸಿ, ಜ್ವರ ಬಂದ ಮದುಮಗನನ್ನು ಎತ್ತಿ ಕೂರಿಸಿ, ಬರಿ ತಟ್ಟೆಯಿಂದ ಅಕ್ಷತೆ ಹಾಕುವ ಹಾಗೆ ನಟಿಸಲು ಹೇಳಿದನಂತೆ. "ಫೋಟೋದಾಗೆ ನೋಡ್ರಿ, ಅಳಬೇಕಾದ ಹುಡುಗಿ ತಾಯಿ ನಗ್ತಾ ಅದಾಳೆ, ನಗಬೇಕಾದ ಮದುಮಗ ಅಳ್ತಾ ಅದಾನೆ," ಎಂದಳು. ನಾನು ಅಂಗಡಿಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕದ್ದಕ್ಕೆ ಎದುರಿನ ಬಳೆ ಅಂಗಡಿಯವಳು ಶಟರಿನ ಕೆಳಗೆ ಬಗ್ಗಿ ನೋಡಿದಳು.

ನನ್ನನ್ನು ತಾತ ಎನ್ನುತ್ತಿದ್ದಳು. "ತಾತ, ಇವತ್ತೂ ಅದೇ ಪಂಚೆನಾ? ಒಗಿಯಾಕೆ ಯಾರೂ ಇಲ್ವೇನ್ರಿ ಮನಿಯಾಗೆ?" ನಾನು ಮರಿ ಎನ್ನುತ್ತಿದ್ದೆ. ಒಂದು ಸಲ ಏಕೋ ತಣ್ಣಗೆ ಹೇಳಿದಳು: "ಇಲ್ಲಿ ನನ್ನ ಮಾತನ್ನ ಯಾರೂ ಮುಗಿಸಿ ಕೊಡಲ್ಲ ತಾತ. ನಾನೇ ಮುಗಿಸ್ತೀನಿ." ಮನೆಯಲ್ಲಿ ಬಾಯಿ ಜೋರಿನವರು ಇರಬೇಕು ಅಂದುಕೊಂಡೆ. ಅದರಾಚೆಗೆ ಯೋಚಿಸಲಿಲ್ಲ.

ನಾಲ್ಕೈದು ತಿಂಗಳು ಹೀಗೆ ಹೋದ ಮೇಲೆ ಒಂದು ಮಧ್ಯಾಹ್ನ ಕಟ್ಟೆಯಲ್ಲಿ ಟೈಲರುಗಳನ್ನು ಬೈಯುವ ಕಾರ್ಯಕ್ರಮ ನಡೆಯಿತು. ಹಬ್ಬಕ್ಕೆ ಕೊಡುತ್ತೇನೆಂದು ಹಬ್ಬ ಕಳೆದ ಮೇಲೆ ಕೊಟ್ಟರು, ಬಟ್ಟೆ ಉಳಿಸಿಕೊಂಡರು, ತೋಳು ಬಿಗಿ ಮಾಡಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಮುದುಕನಾಗಿ ಸುಮ್ಮನೆ ಗಡ್ಡ ನೀವುತ್ತ ಕೂತಿದ್ದೆ. ಆಗ ಗೊರವಂಕ ಬರೆದಳು:

"ಎಲ್ರೂ ಹಂಗಿರಲ್ಲ. ನಮ್ ಟೈಲರಮ್ಮ ಒಬ್ರದಾರೆ. ನನ್ನ ಎಡ ಭುಜ ಅರ್ಧ ಇಂಚು ಕೆಳಗೈತೆ, ಹುಟ್ಟಿದಾಗಿಂದ. ಅವರಿಗೆ ಯಾರೂ ಹೇಳಿಲ್ಲ. ಮೊದಲನೇ ಸಲ ಅಳತೆ ತಗೊಂಡಾಗ್ಲೇ ನೋಡ್ಕೊಂಡು, ಒಳಗೆ ಬಟ್ಟೆ ಮಡಚಿಟ್ಟು ಹೊಲಿದ್ರು. ಇವತ್ತಿನ ತನಕ ಒಂದ್ ಸಲಾನೂ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ. ಅದಕ್ಕೇ ನಂಗೆ ಅವರನ್ನ ಕಂಡ್ರೆ ಇಷ್ಟ."

ಓದಿದ ಕೂಡಲೇ ಅಳತೆ ಪುಸ್ತಕ ತೆಗೆದೆ.

ನನ್ನ ಅಳತೆ ಪುಸ್ತಕದಲ್ಲಿ ಹೆಸರುಗಳಿಲ್ಲ. ಅದು ನನ್ನ ಅಬ್ಬಾನಿಂದ ಬಂದ ಪದ್ಧತಿ. ಪುಸ್ತಕ ಯಾರ ಕೈಗೆ ಸಿಕ್ಕರೂ ಯಾರ ಮೈ ಯಾವುದು ಎಂದು ತಿಳಿಯಬಾರದು. ಊರು ಮತ್ತು ಒಂದು ಗುರುತು ಸಾಕು. ಟೇಪು ಹಿಡಿಯುವವರಿಗೆ ಬೇಕಿಲ್ಲದ್ದೂ ತಿಳಿಯುತ್ತದೆ. ಅತ್ತೆಗೆ ಗೊತ್ತಾಗುವ ಮೊದಲೇ ಸೊಸೆಗೆ ಎಷ್ಟು ತಿಂಗಳು ಎಂದು ನಮಗೆ ಗೊತ್ತಾಗುತ್ತದೆ, ಯಾರ ತೋಳಿನಲ್ಲಿ ಬೆರಳಿನ ಗುರುತು ಇದೆ ಎಂದೂ. ಬಾಯಿಗೆ ಬೀಗ ಹಾಕಿಕೊಂಡವರಿಗೆ ಮಾತ್ರ ಈ ಕಸುಬು. ಎಡ ಭುಜ ಅರ್ಧ ಇಂಚು ಇಳಿದವರು ಆ ಪುಸ್ತಕದಲ್ಲಿ ಒಬ್ಬರೇ ಇದ್ದರು, ನಲ್ಲೂರಿನವಳು. (ಊರು, ಭುಜ, ಹಕ್ಕಿ, ಇವುಗಳಲ್ಲಿ ಕೆಲವನ್ನು ನಾನು ಬದಲಿಸಿ ಬರೆದಿದ್ದೇನೆ. ಯಾವುದನ್ನು ಎಂದು ಹೇಳುವುದಿಲ್ಲ.)

ನಲ್ಲೂರಿನ ಆ ಹುಡುಗಿಗೆ ಇಪ್ಪತ್ತೇಳು ಇಪ್ಪತ್ತೆಂಟಿರಬಹುದು. ಯಾವಾಗಲೂ ತಾಯಿಯ ಜೊತೆ ಬರುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ತಾಯಿಯೇ "ಕುತ್ತಿಗೆ ಇಷ್ಟು ಸಾಕಂತೆ ಕಣ್ರಿ, ತೋಳು ಮೊಣಕೈ ತನಕ ಬೇಕಂತೆ" ಎನ್ನುವರು, ಅವಳು ತಲೆ ಆಡಿಸುವಳು. ಒಮ್ಮೆ ನಾನು ಬೇಕೆಂದೇ ಅವಳನ್ನೇ ಕೇಳಿದ್ದೆ, ನಿನಗೆ ಯಾವ ಬಣ್ಣದ ಲೈನಿಂಗ್ ಬೇಕಮ್ಮ ಎಂದು. ಅವಳ ತುಟಿ ಮೊದಲ ಅಕ್ಷರದ ಮೇಲೆ ನಿಂತುಬಿಟ್ಟಿತು. ಕತ್ತಿನ ನರ ಎದ್ದಿತು. ತಾಯಿ ಪಟ್ಟನೆ "ಕೆಂಪಂತೆ" ಎಂದು ಮುಗಿಸಿದರು. ಪಾಪದ ಹೆಂಗಸು, ಮಗಳ ಕಷ್ಟ ನೋಡಲಾರದೆ ಹಾಗೆ ಮಾಡುವರು. ಹುಡುಗಿ ನೆಲ ನೋಡಿದಳು.

ನಮ್ಮ ಗೊರವಂಕ ಅವಳು!

ಮೊದಲು ನನಗಾದದ್ದು ಬರೀ ಸಂತೋಷ. ಅಷ್ಟೆಲ್ಲ ಮಾತು, ಅಷ್ಟು ತಮಾಷೆ ಆ ಮುಚ್ಚಿದ ಬಾಯಿಯ ಹಿಂದೆ ಇದೆಯಲ್ಲ, ನನ್ನ ಮಗಳೇನೋ ಎನ್ನುವಂತೆ ಹೆಮ್ಮೆಪಟ್ಟೆ. ಆಮೇಲೆ ನನ್ನ ಬಗ್ಗೆಯೂ ಹೆಮ್ಮೆಪಟ್ಟೆ, ಸುಳ್ಳು ಯಾಕೆ ಹೇಳಲಿ, ಟೈಲರಮ್ಮನನ್ನು ಹೊಗಳಿದ್ದಳಲ್ಲ. ಆಗಲೇ "ಮರಿ, ಆ ಟೈಲರಮ್ಮ ನಾನೇ" ಎನ್ನಬೇಕಿತ್ತು, ಇಲ್ಲವೇ ಕಟ್ಟೆಯಿಂದ ಎದ್ದು ಹೋಗಬೇಕಿತ್ತು. ಎರಡನ್ನೂ ಮಾಡಲಿಲ್ಲ. ಸಾವಿರ ಗುಟ್ಟು ಇಟ್ಟುಕೊಂಡವಳಿಗೆ ಇದೊಂದು ಭಾರವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕೂತೆ. ಅಳತೆ ಕೊಡುವ ಹೆಂಗಸಿಗೆ ನನ್ನ ಕೈಯಲ್ಲಿ ಟೇಪು ಇರುವುದು ಕಾಣುತ್ತದೆ, ಬೇಡವೆಂದರೆ ಹಿಂದೆ ಸರಿಯುತ್ತಾಳೆ. ಈ ಹುಡುಗಿಗೆ ಟೇಪು ಕಾಣುತ್ತಿರಲಿಲ್ಲ. ಈ ವ್ಯತ್ಯಾಸ ನನಗೆ ಹೊಳೆದದ್ದು ತೀರ ತಡವಾಗಿ.

ಒಂದು ದಿನ ಅವಳು ಬರೆದಳು: "ನನ್ನ ಟಾಪ್‌ಗೆ ಜೇಬು ಇಡಸ್ಬೇಕು ಅಂತ ಭಾಳ ದಿನದ ಆಸೆ ತಾತ. ಹೆಣ್ಮಕ್ಕಳಿಗೆ ಜೇಬು ಯಾಕೆ, ಅದರಾಗೆ ಏನಿಡ್ತೀಯ ಅಂತಾಳೆ ಅಮ್ಮ. ಏನೂ ಇಡಲ್ಲ. ಕೈ ಇಡ್ತೀನಿ. ಜನರ ಮುಂದೆ ನಿಂತಾಗ ಈ ಕೈನ ಏನ್ ಮಾಡ್ಬೇಕು ಅಂತಾನೇ ಗೊತ್ತಾಗಲ್ಲ."

ಅದೇ ವಾರ ತಾಯಿ ಬಂದು ಮೂರು ಟಾಪಿನ ಬಟ್ಟೆ ಕೊಟ್ಟು ಹೋದರು. ಮಗಳಿಗೆ ಚನ್ನಗಿರಿಯಲ್ಲೇ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸ ಸಿಕ್ಕಿತ್ತು.

ಮೂರಕ್ಕೂ ಜೇಬು ಇಟ್ಟೆ. ಬಲಗಡೆಯ ಹೊಲಿಗೆಯ ಒಳಗೆ, ಸೊಂಟದಿಂದ ನಾಲ್ಕು ಬೆರಳು ಕೆಳಗೆ, ಅದೇ ಬಟ್ಟೆಯಲ್ಲಿ. ಅವಳ ಅಂಗೈ ಅಗಲ ನನಗೆ ಅಂದಾಜಿತ್ತು. ಹೊರಗಿನಿಂದ ನೋಡಿದರೆ ಬರೀ ಹೊಲಿಗೆಯ ಗೆರೆ, ತಾಯಿಗೆ ತಿಳಿಯುವ ಹಾಗೇ ಇರಲಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ನಾನು ಹೊಲಿದ ಜೇಬುಗಳಲ್ಲಿ ಅವು ಮೂರೇ ಚೆಂದ. ಹೊಲಿಯುವಾಗ ಹಾಡು ಗುನುಗುತ್ತಿದ್ದೆ. ತಾಯಿ ಬಂದು ಒಯ್ದರು.

ಮಾರನೇ ದಿನ ಗೊರವಂಕ ಕಟ್ಟೆಗೆ ಬರಲಿಲ್ಲ. ಹೊಸ ಕೆಲಸ, ಬಿಡುವಿಲ್ಲ ಎಂದುಕೊಂಡೆ. ಮೂರನೇ ದಿನ ನೋಡಿದರೆ ಮರದ ಮೇಲೆ ಗೂಡೂ ಇಲ್ಲ. ಅವಳ ಹೆಸರು ಒತ್ತಿದರೆ ಅಂಥವರು ಯಾರೂ ಇಲ್ಲ ಎಂದು ಬಂತು. ಕಟ್ಟೆಯ ಮೇಲಿದ್ದವರು ಒಬ್ಬರನ್ನೊಬ್ಬರು ಕೇಳಿದರು, ಗೊರವಂಕ ಎಲ್ಲಿ, ಯಾರಾದರೂ ಏನಾದರೂ ಅಂದಿರಾ ಎಂದು. ಮುದುಕ ಗಡ್ಡ ನೀವುತ್ತ ಕೂತಿದ್ದ. ಜೇಬು ನೋಡಿ ಅವಳು ತಿಳಿದುಕೊಂಡಳು ಎಂದು ಅವನಿಗೆ ಆಗಲೇ ಗೊತ್ತಾಗಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಅವಳು ಒಳಗೆ ಬಂದಳು. ತಾಯಿ ಇಲ್ಲದೆ ಬಂದದ್ದು ಅದೇ ಮೊದಲು. ನಾನು ಹೊಲಿದ ನೀಲಿ ಟಾಪು ಹಾಕಿದ್ದಳು, ಕೈ ಮಾತ್ರ ಜೇಬಿನ ಹೊರಗೇ ಇತ್ತು. ನನ್ನ ಲ್ಯಾಪ್‌ಟಾಪು ಮಿಷನ್ನಿನ ಪಕ್ಕದಲ್ಲಿ ತೆರೆದೇ ಇತ್ತು; ಅದರಲ್ಲಿ ಬೆಂಚು, ಬೆಂಚಿನ ಮೇಲೆ ಗಡ್ಡದ ಮುದುಕ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

ಮಾತಾಡಲು ಬಾಯಿ ತೆರೆದಳು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ನನಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ಕಣಮ್ಮ, ಹೇಳ್ದೆ ಇದ್ದದ್ದು ಯಾಕೆ ಅಂತೀಯ ತಾನೇ, ನಂಗೊತ್ತೈತೆ," ಎಂದುಬಿಟ್ಟೆ. ಅವಳ ಮಾತನ್ನು ನಾನೂ ಕಿತ್ತುಕೊಂಡೆ. ಅವಳು ಕೈ ಎತ್ತಿ ಅಂಗೈ ತೋರಿಸಿದಳು, ನಿಲ್ಲಿಸಿ ಎನ್ನುವಂತೆ. ನಾನು ಸ್ಟೂಲಿನ ಮೇಲೆ ಕೂತು ಬಾಯಿ ಮುಚ್ಚಿಕೊಂಡೆ.

ಆಮೇಲೆ ಅವಳು ಮಾತಾಡಿದಳು. ತುಂಬ ಹೊತ್ತು ಹಿಡಿಯಿತು. ಅವಳ ಮಾತನ್ನು ಇಲ್ಲಿ ತುಂಡು ತುಂಡಾಗಿ ಬರೆಯುವುದಿಲ್ಲ. ಕಟ್ಟೆಯ ಮೇಲೆ ಅವಳು ಬರೆಯುತ್ತಿದ್ದ ಹಾಗೇ ಬರೆಯುತ್ತೇನೆ.

"ಯಾವಾಗಿಂದ ಗೊತ್ತಿತ್ತು?"

"ಭುಜದ ಮಾತು ಹೇಳಿದ್ಯಲ್ಲ, ಅವತ್ತಿಂದ."

"ಎರಡು ತಿಂಗಳಾತು."

"ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಕಣಮ್ಮ. ದೇವ್ರಾಣೆ."

"ಹೇಳಿಲ್ಲ, ನಂಗೊತ್ತು. ನೀವು ಹೇಳೋರಲ್ಲ. ಆದ್ರೆ ನಿಮಗೆ ಗೊತ್ತಿತ್ತು. ನಾನು ಹೆಂಗೆ ಮಾತಾಡ್ತೀನಿ ಅಂತ ಗೊತ್ತಿರೋರು ಅಲ್ಲಿ ಒಬ್ರೂ ಇರಲಿಲ್ಲ. ಅದೊಂದೇ ಜಾಗ ಹಂಗಿದ್ದಿದ್ದು. ಈಗ ನಾನು ಒಂದು ಮಾತು ಬರೆದ್ರೂ ನೀವು ಇಲ್ಲಿ ಕೂತು, ಪಾಪ ಅಂತೀರಿ."

"ಪಾಪ ಅಂದಿಲ್ಲ. ಯಾವತ್ತೂ ಅಂದಿಲ್ಲ."

"ಅನ್ನದಿದ್ರೆ ಜೇಬು ಯಾಕೆ ಇಟ್ರಿ? ತಾತಂಗೆ ಹೇಳಿದ್ದು ನಾನು, ನಿಮಗಲ್ಲ. ನೀವು ಜೇಬು ಕೊಟ್ಟು ಊರನ್ನೇ ಕಿತ್ಕೊಂಡ್ರಿ ಅಕ್ಕಾ."

ಅವಳ ದನಿಯನ್ನು ನಾನು ಕೇಳಿದ್ದು ಅವತ್ತೇ ಮೊದಲು. ಸ್ವಲ್ಪ ದಪ್ಪ ದನಿ, ಚೆನ್ನಾಗಿತ್ತು. ನ್ಯಾಮತಿಯಲ್ಲಿ ನನ್ನನ್ನು ಪಾಪ ಎನ್ನುವವರು ನನಗೆ ಕೆಟ್ಟದ್ದೇನೂ ಮಾಡಿಲ್ಲ, ಊಟ ಹಾಕಿದ್ದಾರೆ, ಸೀರೆ ಕೊಟ್ಟಿದ್ದಾರೆ. ಆದರೂ ಆ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಾನು ನಿಲ್ಲಲಾರೆ. ಹಾಗಿದ್ದೂ ಈ ಹುಡುಗಿಗೆ ಅದನ್ನೇ ಮಾಡಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಮಿಷನ್ನಿನ ಹಲಗೆಗೆ ಒರಗಿ ನಿಂತು ಪರದೆಯನ್ನು ನೋಡುತ್ತಿದ್ದಳು. "ಯಾಕೆ ಮುದುಕ?" ಎಂದಳು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಂಗಿಯ ಮಗಳಿಗೂ ಇಲ್ಲ. "ಸುಮ್ನೆ ಕೂರಾಕೆ," ಎಂದೆ. ಬಸ್ ಸ್ಟ್ಯಾಂಡಿನ ಬೆಂಚಿನ ವಿಷಯ ಹೇಳಿದೆ, ಹೊನ್ನಾಳಿಯ ವಿಷಯ ಹೇಳಿದೆ, ಬಸ್ಸಿನ ಮೂರನೇ ಪ್ರಶ್ನೆಯನ್ನೂ ಹೇಳಿದೆ. ಅವಳು ಮಧ್ಯದಲ್ಲಿ ಬಾಯಿ ಹಾಕದೆ ಕೇಳಿದಳು. ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತು, ಲೆಕ್ಕ ಸರಿಹೋಯಿತು ಎಂದು ಒಂದು ಗಳಿಗೆ ನನಗೆ ಆಸೆ ಹುಟ್ಟಿತು. ಸರಿಹೋಗಿರಲಿಲ್ಲ. ನನ್ನದನ್ನು ನಾನೇ ಹೇಳಿದ್ದೆ, ಅವಳದನ್ನು ಅವಳು ಹೇಳಿರಲಿಲ್ಲ.

"ನೀನು ವಾಪಸ್ ಹೋಗು," ಎಂದೆ. "ಬೇರೆ ಹೆಸರಾಗೆ, ಬೇರೆ ಮೈಯಾಗೆ ಹೋಗು. ನಾನಿರಲ್ಲ."

ಅವಳು ನಂಬಿದ ಹಾಗೆ ಕಾಣಲಿಲ್ಲ. ಲ್ಯಾಪ್‌ಟಾಪನ್ನು ಅವಳಿಗೂ ಕಾಣುವ ಹಾಗೆ ತಿರುಗಿಸಿ, ಅಳಿಸುವ ಜಾಗ ಹುಡುಕಿದೆ. ಎಲ್ಲಿದೆಯೋ ನನಗೆ ಸಿಗಲಿಲ್ಲ, ಅವಳೇ ಬೆರಳು ಇಟ್ಟು ತೋರಿಸಿದಳು. ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿತು. ಅಳಿಸಿದರೆ ಮರಳಿ ಸಿಗುವುದಿಲ್ಲ ಎಂದು ಎಚ್ಚರಿಸಿತು. ಕೊನೆಗೆ ಮುದುಕನ ಹೆಸರನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸಿಕೊಂಡಿತು. ಬೆಂಚು ಖಾಲಿಯಾಯಿತು. ಅವಳ ಮುಂದೆ ಅಳಬಾರದೆಂದು ಕತ್ತರಿ ಹುಡುಕುವ ನೆಪದಲ್ಲಿ ಬಗ್ಗಿದೆ.

ಎದ್ದಾಗ ಅವಳು ಶಟರಿನ ಹತ್ತಿರ ಹೋಗಿದ್ದಳು. ಏನೋ ಹೇಳಬೇಕೆಂದು ತುಟಿ ಕೂಡಿಸಿದಳು. ನಾನು ಕಾದೆ. ಆ ಮಾತು ಬರಲಿಲ್ಲ, ಅವಳು ತಲೆಯಾಡಿಸಿ ಹೊರಗೆ ನಡೆದಳು.

ಇದೆಲ್ಲ ಆಗಿ ವರ್ಷದ ಮೇಲಾಯಿತು. ತಾಯಿ ಮಗಳು ಈಗಲೂ ಬಟ್ಟೆ ಕೊಡಲು ಬರುತ್ತಾರೆ. ತಾಯಿ ಅಳತೆ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ, ಹುಡುಗಿ ತಲೆ ಆಡಿಸುತ್ತಾಳೆ. ಜೇಬಿನ ಮಾತು ಯಾರೂ ಎತ್ತುವುದಿಲ್ಲ, ನಾನು ಇಡುವುದೂ ಇಲ್ಲ. ಅವಳು ಆ ಕಟ್ಟೆಗೆ ಮರಳಿ ಹೋದಳೋ ಇಲ್ಲವೋ ನಾನು ಅವಳ ಮುಖದಲ್ಲಿ ಹುಡುಕದಿರಲು ಪ್ರಯತ್ನಿಸುತ್ತೇನೆ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಈಗ ಸೀರೆಗೆ ಫಾಲ್ಸ್ ಹಚ್ಚುತ್ತೇನೆ. ಆ ಎರಡು ಗಂಟೆ ಬಹಳ ಬೇಜಾರಿನದು. ಇನ್ನೊಂದು ಹೆಸರು ಇಟ್ಟುಕೊಂಡು ಮತ್ತೆ ಹೋಗಬಹುದಲ್ಲ ಖಾಲಾ ಎಂದು ತಂಗಿಯ ಮಗಳು ಫೋನಿನಲ್ಲಿ ಕೇಳುತ್ತಿರುತ್ತಾಳೆ. ಹೋಗಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಹುಡುಗಿ ಯಾವ ಹೆಸರಿನಲ್ಲಿ, ಯಾವ ಮೈಯಲ್ಲಿ ಬಂದು ಕೂತಿದ್ದರೂ ಎರಡು ಸಾಲು ಓದಿದರೆ ಸಾಕು, ಅವಳೇ ಎಂದು ನನಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಹೋಗುವುದಿಲ್ಲ.